ಅಲುಗಿಸಬಾರದ ಕೊಳವೆ

ನನ್ನ ತಮ್ಮನನ್ನು ಕೊಂದ ಹಾವಿಗೆ ನಾನು ಇಲಿ ಹಾಕಿ ಸಾಕುತ್ತಿದ್ದೇನೆ. ಇದನ್ನು ಮುಚ್ಚಿಟ್ಟು ನನಗೆ ಆಗಬೇಕಾದ್ದು ಏನೂ ಇಲ್ಲ. ಕೇಳಿದವರು ಮೊದಲು ಬಾಯಿ ಬಿಡುತ್ತಾರೆ, ಆಮೇಲೆ ನನ್ನ ಮುಖ ನೋಡಿ ಮುಚ್ಚಿಕೊಳ್ಳುತ್ತಾರೆ. ಅಮ್ಮ ಮಾತ್ರ ಮುಚ್ಚಿಕೊಳ್ಳಲಿಲ್ಲ.

“ಅದಕ್ಕೆ ಊಟ ಹಾಕ್ತಿದ್ದೀಯಾ? ನಿನ್ನ ಕೈಯಾರೆ?” ಎಂದಳು.

“ಹೂಂ. ಹೊಟ್ಟೆಗೆ ಹಾಕದೆ ರಕ್ತ ತೆಗಿ ಅಂದ್ರೆ ಎಲ್ಲಿಂದ ತೆಗೀಲಿ?”

“ತಲೆ ಜಜ್ಜಿ ಹಾಕೋದು ಬಿಟ್ಟು ರಕ್ತ ತೆಗೀತಾಳಂತೆ, ರಕ್ತ. ನಿನ್ನಂಥವಳನ್ನ ಹೆತ್ತೆನಲ್ಲ, ನನ್ನ ಹಣೆಬರಹ.”

ನಾವು ಮೂರು ಜನ ಹೆಂಗಸರು ಒಂದೇ ಮನೆಯಲ್ಲಿದ್ದೇವೆ. ಮೂರನೆಯವಳು, ತಮ್ಮನ ಹೆಂಡತಿ, ಆಗ ಅಲ್ಲೇ ಸಿಂಕಿನ ಮುಂದೆ ತಟ್ಟೆ ತೊಳೆಯುತ್ತಿದ್ದಳು. ತಮ್ಮ ಹೋದಮೇಲೆ ಅಮ್ಮ ಅವಳೊಡನೆ ಮಾತು ಬಿಟ್ಟಿದ್ದಳು. ಹೇಳಬೇಕಾದ್ದನ್ನೆಲ್ಲ ಗೋಡೆಗೆ ಹೇಳುತ್ತಿದ್ದಳು. “ಯಾರಾದ್ರೂ ನಲ್ಲಿ ನಿಲ್ಲಿಸ್ಲಿ” ಎಂದು ಗೋಡೆಗೆ ಅಪ್ಪಣೆಯಾದರೆ ಇವಳು ನಲ್ಲಿ ನಿಲ್ಲಿಸುತ್ತಿದ್ದಳು. ನಮ್ಮ ಅಡುಗೆಮನೆಯ ಗೋಡೆಗೆ ಸಿಕ್ಕಷ್ಟು ಮರ್ಯಾದೆ ಊರಲ್ಲಿ ಬೇರೆ ಯಾವ ಗೋಡೆಗೂ ಸಿಕ್ಕಿರಲಾರದು.

ತಮ್ಮನ ಹೆಂಡತಿ ಶಾಲೆಯ ವ್ಯಾನ್ ಓಡಿಸುತ್ತಿದ್ದವಳು. ಮಕ್ಕಳು ಇಟ್ಟ ಹೆಸರು ವ್ಯಾನಮ್ಮ. ಬರಬರುತ್ತ ಮನೆಯಲ್ಲಿ ನಾವೂ ಹಾಗೇ ಕರೆಯತೊಡಗಿದೆವು. ಅವಳ ವ್ಯಾನ್ ಬೀದಿಯ ತಿರುವಿನಲ್ಲಿ ಹಾರ್ನ್ ಹಾಕಿತೆಂದರೆ ಜನ ತಮ್ಮ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರು. ಹೊತ್ತಿಗೆ ಸರಿಯಾಗಿ ಬರುವುದೊಂದೇ ಅವಳ ಜಂಬ. ಬೇರೆ ಜಂಬ ಪಡಲು ಅವಳಿಗೆ ಪುರುಸೊತ್ತೂ ಇರಲಿಲ್ಲ. ಅಂಥವಳ ತಲೆಯ ಮೇಲೆ ಆಸ್ಪತ್ರೆಯವರು ‘ತಡ’ ಎಂಬ ಮಾತು ಹೊರಿಸಿದರು.

ನಡೆದದ್ದು ಇಷ್ಟು. ತಮ್ಮನ ಕಸುಬು ಹಾವು ಹಿಡಿಯುವುದು. ಗುಡ್ಡದ ಬುಡದಲ್ಲಿ ಹೆಂಚಿನ ಗೋದಾಮೊಂದಿದೆ. ಅಲ್ಲಿ ಜೋಡಿಸಿಟ್ಟ ಹೆಂಚಿನ ಹಿಂದೆ ಒಂದು ಪಟ್ಟೆಹಾವು ಸೇರಿಕೊಂಡಿದೆ ಎಂದು ಕರೆ ಬಂತು. ಹೋದ, ಹಿಡಿದ, ಚೀಲಕ್ಕೆ ಇಳಿಸಿದ. ಚೀಲದ ಬಾಯಿ ಕಟ್ಟುವಾಗ ಬಟ್ಟೆಯೊಳಗಿಂದಲೇ ಅದು ಅವನ ಹೆಬ್ಬೆರಳಿಗೆ ಹಲ್ಲು ಹಾಕಿತು. ಕಚ್ಚಿಸಿಕೊಂಡವನು ಚೀಲ ಬಿಸಾಡಿ ಕೂಗಬೇಕಿತ್ತಲ್ಲವೇ? ಇಲ್ಲ. ಗೋದಾಮಿನ ಕೂಲಿಯವರು ಸುತ್ತ ನಿಂತಿದ್ದಾರೆಂದು ಗಂಟು ಪೂರ್ತಿ ಬಿಗಿದು, ಚೀಲವನ್ನು ಡಬ್ಬಿಯೊಳಗಿಟ್ಟು, ಆಮೇಲೆ ಹೆಂಡತಿಗೆ ಫೋನ್ ಮಾಡಿದ. ಶಾಲೆ ಬಿಟ್ಟು ಮಕ್ಕಳನ್ನು ತುಂಬಿಕೊಂಡು ಬರುತ್ತಿದ್ದ ಅವಳ ವ್ಯಾನೇ ಗೋದಾಮಿಗೆ ಎಲ್ಲಕ್ಕಿಂತ ಹತ್ತಿರ ಇತ್ತು. ಅವಳು ಒಂದು ಮಗುವನ್ನೂ ಇಳಿಸಲಿಲ್ಲ. ಗಂಡನನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಹಾವಿನ ಡಬ್ಬಿಯನ್ನು ಅವನ ಕಾಲ ಬಳಿ ಇಟ್ಟು, ನೆಟ್ಟಗೆ ಆಸ್ಪತ್ರೆಗೆ ಹಾರಿಸಿದಳು.

ಆಸ್ಪತ್ರೆಯಲ್ಲಿ ವಿಷ ಇಳಿಸುವ ಸೀರಂ ಹಾಕಿದರು. ಈ ಹಾವಿನ ವಿಷ ರಕ್ತವನ್ನು ಹೆಪ್ಪುಗಟ್ಟಲು ಬಿಡುವುದಿಲ್ಲ; ವಿಷ ಇಳಿಯಿತೇ ಎಂದು ತಿಳಿಯಲು ಅವನ ರಕ್ತವನ್ನು ಗಾಜಿನ ಕೊಳವೆಯಲ್ಲಿಟ್ಟು ಹೆಪ್ಪುಗಟ್ಟುತ್ತದೆಯೇ ಎಂದು ನೋಡಿದರು. ಹೆಪ್ಪುಗಟ್ಟಲಿಲ್ಲ. ಮತ್ತೆ ಸೀರಂ, ಮತ್ತೆ ಕೊಳವೆ. ನಾನು ಹೋಗುವ ಹೊತ್ತಿಗೆ ಅವನ ವಸಡಿನಿಂದ ರಕ್ತ ಒಸರುತ್ತಿತ್ತು. “ಡಬ್ಬಿ ಮುಚ್ಚಳ ಭದ್ರವಾಗಿದ್ಯಾ ನೋಡಕ್ಕಾ” ಎಂದ. ನನಗೆ ಅವನು ಹೇಳಿದ ಕೊನೆಯ ಮಾತು ಅದು.

ಸಾವಿನ ಕಾರಣದ ಕೆಳಗೆ ಡಾಕ್ಟರು ‘ತಡವಾಗಿ ಕರೆತರಲಾಗಿದೆ’ ಎಂದು ಬರೆದರು. ಅಷ್ಟು ಸಾಕಾಯಿತು ಜನಕ್ಕೆ. ಮೊದಲು ಮಕ್ಕಳನ್ನೆಲ್ಲ ಮನೆಮನೆಗೆ ಬಿಟ್ಟು ಆಮೇಲೆ ಗಂಡನನ್ನು ಆಸ್ಪತ್ರೆಗೆ ಒಯ್ದಳಂತೆ ಎಂಬ ಕತೆ ಹುಟ್ಟಿತು. ಮಕ್ಕಳ ಅಪ್ಪ ಅಮ್ಮಂದಿರಿಗೆ ಅದು ಸುಳ್ಳೆಂದು ಚೆನ್ನಾಗಿ ಗೊತ್ತು. ತಮ್ಮ ಮಕ್ಕಳನ್ನು ಅವರು ಆಸ್ಪತ್ರೆಯ ಬೆಂಚಿನಿಂದಲೇ ಎತ್ತಿಕೊಂಡು ಹೋದದ್ದು. ಆದರೆ ಅವರಿಗೆ ಬೇರೆಯೇ ಸಿಟ್ಟು: ನಮ್ಮ ಮಕ್ಕಳನ್ನು ಹಾವಿನ ಜೊತೆ ಕೂರಿಸಿದಳಲ್ಲ! ಬಾಯಿ ಹೊಲಿದುಕೊಂಡು ಮಕ್ಕಳನ್ನು ಬೇರೆ ವ್ಯಾನಿಗೆ ಸೇರಿಸಿದರು. ಹೀಗೆ ಒಬ್ಬಳೇ ಹೆಂಗಸು ಮಕ್ಕಳನ್ನು ಇಳಿಸಿದ್ದಕ್ಕೂ ಬೈಸಿಕೊಂಡಳು, ಇಳಿಸದೇ ಇದ್ದದ್ದಕ್ಕೂ ಬೈಸಿಕೊಂಡಳು. ವ್ಯಾನ್ ಮನೆಯ ಮುಂದೆ ಎಲೆ, ಧೂಳು ಹೊದ್ದುಕೊಂಡು ನಿಂತಿತು.

ಅಮ್ಮನಿಗೆ ಎಷ್ಟು ಹೇಳಿದರೂ ಒಂದೇ ಮಾತು. “ಡಾಕ್ಟ್ರು ಸುಳ್ಳು ಬರೀತಾರಾ? ಓದಿದವರು.”

ನಾನೂ ಓದಿದವಳೇ. ಹಾವಿನ ವಿಷದ ಸಂಶೋಧನಾ ಸಂಸ್ಥೆಯೊಂದರಲ್ಲಿ ಜೀನುಗಳ ಕೆಲಸ ನನ್ನದು. ಆದರೆ ಹೆತ್ತವಳಿಗೆ ಮಗಳ ಓದು ಓದೇ ಅಲ್ಲ. ಸರಿ, ಬರೆದದ್ದನ್ನು ಬರೆದವರ ಕೈಯಿಂದಲೇ ಹೊಡೆದು ಹಾಕಿಸುತ್ತೇನೆ ಎಂದು ಪಣ ತೊಟ್ಟೆ. ವ್ಯಾನಮ್ಮನ ಮೇಲಿನ ‘ತಡ’ ಅಳಿಸಬೇಕು. ಅದು ಬಿಟ್ಟು ಬೇರೇನೂ ನನಗೆ ಬೇಕಿರಲಿಲ್ಲ. ವಿಜ್ಞಾನಕ್ಕಾಗಿ ಮಾಡಿದೆ ಎಂದು ನಾನು ಯಾವ ವೇದಿಕೆಯ ಮೇಲೂ ಹೇಳಿಲ್ಲ, ಹೇಳುವುದೂ ಇಲ್ಲ.

ನಮ್ಮ ಆಸ್ಪತ್ರೆಗಳಲ್ಲಿ ಸಿಗುವ ಸೀರಂ ಬಯಲುಸೀಮೆಯ ಪಟ್ಟೆಹಾವುಗಳ ವಿಷವನ್ನು ಕುದುರೆಗಳಿಗೆ ಚುಚ್ಚಿ ತಯಾರಿಸಿದ್ದು. ಗುಡ್ಡದ ಪಟ್ಟೆಹಾವೂ ನೋಡಲು ಹಾಗೇ, ಹೆಸರೂ ಅದೇ. ಆದರೆ ಒಳಗೂ ಅದೇ ಹಾವೇ? ಯಾರೂ ನೋಡಿರಲಿಲ್ಲ. ನೋಡಬೇಕಾದರೆ ಅದರ ಡಿಎನ್‌ಎಯ ಪೂರ್ತಿ ಬರಹವನ್ನು, ಅಂದರೆ ಜೀನೋಮನ್ನು, ಮೊದಲಿಂದ ಕೊನೆಯವರೆಗೆ ಓದಬೇಕು. ಓದಲು ನನ್ನ ಬಳಿ ಹಾವೂ ಇತ್ತು, ತಮ್ಮನೇ ಗಂಟು ಹಾಕಿ ಕೊಟ್ಟದ್ದು. ಆಸ್ಪತ್ರೆಯಿಂದ ಆ ಡಬ್ಬಿಯನ್ನು ನಾನೇ ಸಂಸ್ಥೆಗೆ ಒಯ್ದಿದ್ದೆ. ನಮ್ಮ ಹಾವುಮನೆಯ ಮೇಸ್ತ್ರಿ ಅದಕ್ಕೆ ದೊಡ್ಡಮ್ಮ ಎಂದು ಹೆಸರಿಟ್ಟಿದ್ದ. ಒಳ್ಳೆಯ ಮೂಲೆಯನ್ನೇ ಹಿಡಿದು ಕೂರುವುದು, ಬಂದವರಿಗೆಲ್ಲ ಮೊದಲು ಬುಸ್ ಎನ್ನುವುದು, ಕೊಟ್ಟದ್ದನ್ನು ತಿಂದರೂ ತೃಪ್ತಿಯ ಮುಖ ತೋರಿಸದಿರುವುದು. “ನಮ್ಮನೇಲೂ ಒಬ್ರು ಇದ್ದಾರೆ” ಎನ್ನುತ್ತಿದ್ದ.

ಸಂಸ್ಥೆಯ ಮುಖ್ಯಸ್ಥರನ್ನು ನಾವು ಯಜಮಾನರು ಎನ್ನುತ್ತೇವೆ. ಯೋಜನೆ ಕೇಳಿ ಅವರ ಮುಖ ಅರಳಿತು. ಗುಡ್ಡದ ಪಟ್ಟೆಹಾವಿನ ಮೊದಲ ಜೀನೋಮ್ ಎಂದರೆ ಸುದ್ದಿಯಾಗುವ ಮಾತು. “ಹಾವನ್ನ ಕೊಂದು ಪಿತ್ತಜನಕಾಂಗ ತೆಗೀರಿ, ಬೇಗ ಮುಗಿಯುತ್ತೆ” ಎಂದರು.

“ಕೊಲ್ಲಲ್ಲ,” ಎಂದೆ. “ಹಾವಿನ ಕೆಂಪು ರಕ್ತಕಣದಲ್ಲೂ ಡಿಎನ್‌ಎ ಇರುತ್ತೆ, ನಮ್ಮ ಹಾಗಲ್ಲ. ಬಾಲದಿಂದ ನಾಲ್ಕು ಹನಿ ಸಾಕು.”

“ನಿಮ್ಮ ತಮ್ಮನ್ನ ಕಚ್ಚಿದ್ದು ಅದೇ ಅಲ್ವೇನ್ರೀ?”

“ಅದಕ್ಕೇ. ಅದು ಸತ್ರೆ ನಾಳೆ ನೀವೇ ಯಾವ ಹಾವೋ ಏನೋ ಅಂತೀರಿ.”

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಇಕ್ಕಟ್ಟಿಗೆ ಸಿಕ್ಕಾಗ ಅವರು ಒರೆಸಿಕೊಳ್ಳುವುದು ಅದನ್ನೇ.

ಡಿಎನ್‌ಎಯನ್ನು ಓದುವ ನಮ್ಮ ಯಂತ್ರ ಚೂರುಚೂರಾಗಿ ಓದುತ್ತದೆ. ಆ ಕೋಟಿಗಟ್ಟಲೆ ಚೂರುಗಳನ್ನು ಕಂಪ್ಯೂಟರಿನಲ್ಲಿ ಜೋಡಿಸುವವನಿಗೆ ಇಸ್ತ್ರಿ ಎಂದು ನಾನು ಹೆಸರಿಟ್ಟಿದ್ದೆ. ಅವನ ಅಂಗಿಯಲ್ಲಿ ಸುಕ್ಕಿಲ್ಲ, ಕೆಲಸದಲ್ಲೂ ಸುಕ್ಕಿರಬಾರದು. ಎಲ್ಲವನ್ನೂ ಜೋಡಿಸಿ, ನುಣ್ಣಗೆ ಮಾಡಿ, ಒಂದು ದಿನ ತಂದು ತೋರಿಸಿದ.

“ಬಯಲಿನ ಹಾವಿಗೂ ಇದಕ್ಕೂ ಅಂಥ ವ್ಯತ್ಯಾಸ ಇಲ್ಲ ಮೇಡಂ. ವಿಷದ ಮುಖ್ಯ ಜೀನು ಅಲ್ಲೂ ಒಂದು, ಇಲ್ಲೂ ಒಂದು.”

ಯಜಮಾನರು ಅವನ ಬೆನ್ನು ತಟ್ಟಿದರು. ನಾನು ಲೆಕ್ಕ ಹಾಕತೊಡಗಿದೆ. ವ್ಯತ್ಯಾಸ ಇಲ್ಲವೆಂದರೆ ಸೀರಂ ಸರಿಯಾಗಿತ್ತು. ಸೀರಂ ಸರಿಯಾಗಿದ್ದರೆ ತಡವೇ ಆಗಿತ್ತು. ತಡವಾಗಿದ್ದರೆ ಮನೆಯಲ್ಲಿ ತಟ್ಟೆ ತೊಳೆಯುತ್ತಿರುವ ಆ ಹುಡುಗಿ ಸಾಯುವವರೆಗೂ ಗೋಡೆಯ ಮೂಲಕವೇ ಮಾತು ಕೇಳಬೇಕು. ಆ ದಿನ ನಾನು ಊಟಕ್ಕೆ ಹೋಗಲಿಲ್ಲ. ಇಸ್ತ್ರಿಯ ಪಕ್ಕದ ಕುರ್ಚಿ ಎಳೆದುಕೊಂಡು ಕೂತು, “ನೀನು ಎಸೆದಿದ್ದನ್ನ ತೋರ್ಸು” ಎಂದೆ.

“ಎಸೆದಿದ್ದು ಕಸ ಮೇಡಂ.”

“ಕಸಾನೇ ತೋರ್ಸಪ್ಪಾ.”

ಈ ಕೆಲಸದಲ್ಲಿ ಒಂದು ರೂಢಿಯಿದೆ. ಯಂತ್ರ ಪ್ರತಿ ಜಾಗವನ್ನೂ ಸುಮಾರು ಅಷ್ಟಷ್ಟೇ ಸಲ ಓದಿರುತ್ತದೆ, ಹಾಗಾಗಿ ಚೂರುಗಳನ್ನು ಜೋಡಿಸುವಾಗ ಅವು ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ ದಪ್ಪಕ್ಕೆ ಕೂರಬೇಕು. ಎಲ್ಲೋ ಒಂದು ಕಡೆ ಗುಡ್ಡೆ ಬಿದ್ದರೆ ಯಂತ್ರದ ಎಡವಟ್ಟೋ, ಬೇರೆ ಜೀವಿಯ ಕೊಳೆಯೋ ಎಂದುಕೊಂಡು ಅತಿಯಾದದ್ದನ್ನು ಕತ್ತರಿಸುತ್ತಾರೆ. ಎಲ್ಲರೂ ಮಾಡುವುದು ಹಾಗೇ. ಇಸ್ತ್ರಿಯೂ ಹಾಗೇ ಮಾಡಿದ್ದ. ಕತ್ತರಿಸಿದ್ದನ್ನು ತೆರೆದು ನೋಡಿದರೆ ಆ ವಿಷದ ಜೀನಿನ ಮೇಲೆಯೇ ಗುಡ್ಡೆ. ಉಳಿದ ಕಡೆಗಿಂತ ಎಷ್ಟೋ ಪಟ್ಟು ದಪ್ಪ. ಕೊಳೆಗೆ ಬೇರೆಲ್ಲೂ ಜಾಗ ಸಿಗದೆ ಸರಿಯಾಗಿ ಇಲ್ಲೇ ಬಂದು ಬಿತ್ತೇ?

ಇಸ್ತ್ರಿ ಪರದೆಯ ಹತ್ತಿರ ಬಾಗಿದ. ಅವನ ಕಿವಿ ಕೆಂಪಾಯಿತು. “ಒಂದಲ್ಲದೆ ಹಲವು ಇರಬಹುದು ಮೇಡಂ. ಒಂದರ ಹಾಗೇ ಒಂದು. ಒಂದೇ ಅಂದ್ಕೊಂಡು ಒಂದರ ಮೇಲೊಂದು ಪೇರಿಸ್ಬಿಟ್ಟಿದ್ದೀನಿ.”

“ಎಷ್ಟಿವೆ?”

“ಚೂರಿಂದ ಹೇಳಕ್ಕಾಗಲ್ಲ. ಉದ್ದಕ್ಕೆ ಓದೋ ಯಂತ್ರ ಬೇಕು.”

ಮನೆಗೆ ಬಂದು ವ್ಯಾನಮ್ಮನಿಗೆ ಇದನ್ನು ಹೇಳಿದೆ. ಒಂದೇ ಯೂನಿಫಾರ್ಮ್ ಹಾಕಿದ ಮಕ್ಕಳ ಫೋಟೋ ಹರಿದು, ಬರೀ ಗುಂಡಿ, ಬರೀ ಕಾಲರ್ ಕೈಗೆ ಕೊಟ್ಟರೆ ವ್ಯಾನಿನಲ್ಲಿ ಎಷ್ಟು ಮಕ್ಕಳಿದ್ದವೆಂದು ಹೇಗೆ ಹೇಳುವುದು ಎಂದೆ. ಅವಳು ತಟ್ಟನೆ, “ಬೆಂಚು ಪೂರ್ತಿ ಬರೋ ಹಾಗೆ ಒಂದು ಫೋಟೋ ತೆಗೀಬೇಕು” ಎಂದಳು. ಅಷ್ಟೇ ವಿಷಯ. ಯಜಮಾನರಿಗೆ ಅದನ್ನು ಹೇಳಿ ಒಪ್ಪಿಸಲು ನನಗೆ ಗಂಟಲು ಒಣಗಬೇಕಾಯಿತು.

“ಕೆಲಸ ಮುಗಿದಿದೆ, ಪ್ರಬಂಧ ಕಳಿಸೋದೊಂದೇ ಬಾಕಿ. ಈಗ ಮತ್ತೆ ರಾಡಿ ಎಬ್ಬಿಸ್ತೀರಾ?” ಎಂದರು.

“ರಾಡಿಯಲ್ಲೇ ಇರೋದು ಸರ್, ವಿಷ.”

“ಸೀರಂ ತಯಾರಿಸೋರು ನಮ್ಮ ಮೇಲೆ ಬೀಳ್ತಾರೆ.”

“ಬೀಳ್ಲಿ. ನಮ್ಮನೇಲಿ ಒಂದು ಹೆಣ ಆಗ್ಲೇ ಬಿದ್ದಿದೆ.”

ಇಂಥ ಮಾತು ಆಡಿದರೆ ಎದುರಿನವರು ಸುಮ್ಮನಾಗುತ್ತಾರೆಂದು ನನಗೆ ಗೊತ್ತಿತ್ತು, ಗೊತ್ತಿದ್ದೇ ಆಡಿದೆ. ಒಪ್ಪಿದರು.

ಉದ್ದಕ್ಕೆ ಓದುವ ಯಂತ್ರಕ್ಕೆ ಉದ್ದದ ಎಳೆಯೇ ಬೇಕು. ಡಿಎನ್‌ಎ ಎಳೆ ಅದೆಷ್ಟು ನಾಜೂಕೆಂದರೆ ಕೊಳವೆ ಕುಲುಕಿದರೆ ಸಾಕು, ತುಂಡಾಗುತ್ತದೆ. ಮೇಸ್ತ್ರಿ ದೊಡ್ಡಮ್ಮನ ತಲೆಯನ್ನು ಪ್ಲಾಸ್ಟಿಕ್ ನಳಿಗೆಯೊಳಗೆ ಹೊಗಿಸಿ ಹಿಡಿದ, ನಾನು ಬಾಲದಿಂದ ರಕ್ತ ಎಳೆದೆ. ಎಳೆ ತುಂಡಾಗದಿರಲೆಂದು, ದ್ರವ ಹೀರುವ ಕಡ್ಡಿಗಳ ಚೂಪು ತುದಿಯನ್ನು ಬ್ಲೇಡಿನಿಂದ ಕತ್ತರಿಸಿ ಬಾಯಿ ಅಗಲ ಮಾಡಿಕೊಂಡೆ. ಯಾವುದನ್ನೂ ಕಲಕದೆ, ಬರೀ ಓಲಾಡಿಸುತ್ತ, ಹಸುಗೂಸನ್ನು ಮಲಗಿಸುವಂತೆ ಮಾಡಿದ ಕೆಲಸ. ಕೊನೆಗೆ ಕೊಳವೆಯ ತಳದಲ್ಲಿ ಮೊಟ್ಟೆಯ ಬಿಳಿಯಂಥ ದಪ್ಪ ಲೋಳೆ ಬಂದು ಕೂತಿತು. ಅದು ಲೋಳೆಯಾಗಿದ್ದರೇ ಎಳೆ ಉದ್ದವಾಗಿದೆ ಎಂದು ಅರ್ಥ. ಕಣ್ಣಿಗೊತ್ತಿಕೊಳ್ಳುವ ಹಾಗಿತ್ತು. ‘ಅಲುಗಿಸಬಾರದು’ ಎಂದು ಕೆಂಪು ಅಕ್ಷರದಲ್ಲಿ ಬರೆದು ಮೇಜಿನ ಮೇಲೆ ಇಟ್ಟೆ.

ಮಧ್ಯಾಹ್ನ ಯಜಮಾನರು ಯಾರೋ ಅತಿಥಿಗಳನ್ನು ಕರೆತಂದರು. ನಾನು ಕೈ ತೊಳೆಯುತ್ತಿದ್ದೆ. “ಇದೇ ನೋಡಿ ಗುಡ್ಡದ ಹಾವಿನ ಡಿಎನ್‌ಎ” ಎಂದು ಕೊಳವೆಯನ್ನು ಎತ್ತಿ ಬೆಳಕಿಗೆ ಹಿಡಿದರು. ಅಷ್ಟಕ್ಕೇ ಇಟ್ಟಿದ್ದರೆ ಬದುಕುತ್ತಿದ್ದೆ. ನಮ್ಮ ಮೇಜಿನ ಮೇಲೆ ಕೊಳವೆಗಳನ್ನು ಗರಗರ ಕುಲುಕುವ ಒಂದು ಪುಟ್ಟ ಯಂತ್ರವಿದೆ. ಪ್ರಯೋಗಶಾಲೆಯಲ್ಲಿ ಕೂದಲು ನರೆಸಿಕೊಂಡವರ ಕೈ ಕೊಳವೆ ಹಿಡಿದೊಡನೆ ತಾನಾಗಿ ಅದರ ಕಡೆ ಹೋಗುತ್ತದೆ. ಅವರ ಕೈಯೂ ಹೋಯಿತು. ಅತಿಥಿಗಳೊಡನೆ ಮಾತಾಡುತ್ತಲೇ ಕೊಳವೆಯನ್ನು ಅದರ ಮೇಲೆ ಒತ್ತಿದರು. ಗರ್ರ್ ಎಂಬ ಸದ್ದಿಗೆ ನಾನು ಸೋಪಿನ ಕೈಯಲ್ಲೇ ಓಡಿಬಂದೆ. ಲೋಳೆ ನೀರಾಗಿತ್ತು.

“ಏನ್ ಸರ್ ಮಾಡಿದ್ರಿ!”

“ಚೆನ್ನಾಗಿ ಬೆರೀಲಿ ಅಂತ...” ಎಂದವರು ತಾವೇ ಕೊಳವೆಯ ಮೇಲಿನ ಕೆಂಪು ಅಕ್ಷರ ಓದಿಕೊಂಡರು. ಪಾಪ, ಮುಖ ಸಪ್ಪಗಾಯಿತು. ನನಗೆ ಅಯ್ಯೋ ಎನಿಸಬೇಕಿತ್ತು, ಅನಿಸಲಿಲ್ಲ. ಅತಿಥಿಗಳ ಮುಂದೆಯೇ ಕೂಗಾಡಿದೆ. ಏನೇನಂದೆನೋ ನೆನಪಿಲ್ಲ. ಮಾರನೆಯ ದಿನ ಮೇಸ್ತ್ರಿ, “ದೊಡ್ಡಮ್ಮ ಬುಸ್ ಅನ್ನೋದು ನಿಲ್ಲಿಸಿದೆ ಮೇಡಂ, ನಿಮ್ಮಿಂದ ಕಲಿಯೋದು ಇನ್ನೂ ಬಹಳ ಇದೆ ಅಂತ” ಎಂದ.

ದೊಡ್ಡಮ್ಮ ಚೇತರಿಸಿಕೊಳ್ಳಲಿ ಎಂದು ಕಾದು ಮತ್ತೆ ರಕ್ತ ತೆಗೆದೆ. ಮತ್ತೆ ಲೋಳೆ ಬಂತು. ಈ ಸಲ ಕೊಳವೆಯನ್ನು ಯಾರ ಕೈಗೂ ಕೊಡಲಿಲ್ಲ. ಆದರೆ ಉದ್ದಕ್ಕೆ ಓದುವ ಯಂತ್ರ ಇರುವುದು ಇನ್ನೊಂದು ಊರಿನಲ್ಲಿ. ಕೊರಿಯರಿನವರು ಪೆಟ್ಟಿಗೆಗಳನ್ನು ಎಸೆಯುವುದನ್ನು ನೋಡಿದ್ದೇನೆ. ಬಸ್ಸಿನ ಕುಲುಕಾಟ ಕೇಳುವುದೇ ಬೇಡ. ಮನೆಗೆ ಬಂದು ಹೊಸಿಲ ಮೇಲೆ ಕೂತೆ. ಎದುರಿಗೇ ವ್ಯಾನ್ ನಿಂತಿತ್ತು.

“ಅಲುಗಾಡಿಸದೆ ಓಡಿಸ್ತೀಯಾ?” ಎಂದು ವ್ಯಾನಮ್ಮನನ್ನು ಕೇಳಿದೆ.

ಅವಳು ಸೆರಗಿಗೆ ಕೈ ಒರೆಸಿಕೊಂಡಳು. “ಮಲಗಿದ ಮಕ್ಕಳು ಏಳದ ಹಾಗೆ ಓಡಿಸಿದ್ದೀನಿ. ನಡೀರಿ ಅಕ್ಕ.”

ಆ ದಾರಿಯನ್ನು ನಾನು ಮರೆಯುವುದಿಲ್ಲ. ಐಸಿನ ಡಬ್ಬಿ ನನ್ನ ಮಡಿಲಲ್ಲಿ. ಅವಳು ಗುಂಡಿ ಬರುವ ಮುಂಚೆಯೇ ಗುಂಡಿಯನ್ನು ಕಾಣುತ್ತಿದ್ದಳು. ಪ್ರತಿ ಉಬ್ಬಿನ ಮುಂದೆ ನಿಂತು, ಒಂದು ಚಕ್ರ ಹತ್ತಿಸಿ, ಇಳಿಸಿ, ಇನ್ನೊಂದು ಹತ್ತಿಸುತ್ತಿದ್ದಳು. ಹಿಂದೆ ಲಾರಿಗಳು ಬಾಲ ಕಟ್ಟಿಕೊಂಡು ಹಾರ್ನ್ ಬಾರಿಸಿದವು. ಒಬ್ಬ ಪಕ್ಕಕ್ಕೆ ಬಂದು ಕಿಟಕಿಯಿಂದ ತಲೆ ಹಾಕಿ, “ಏನಮ್ಮಾ, ಮೆರವಣಿಗೆ ಹೊರಟಿದ್ದೀಯಾ?” ಎಂದು ಕೂಗಿದ. ನಾನು ಉತ್ತರಕ್ಕೆ ಬಾಯಿ ತೆರೆದೆ.

“ಬಿಡಿ ಅಕ್ಕ, ನೀವು ಕೂಗಿದ್ರೆ ಡಬ್ಬಿ ಅಲುಗುತ್ತೆ,” ಎಂದಳು. ಸ್ವಲ್ಪ ದೂರ ಹೋದ ಮೇಲೆ ತಾನಾಗಿಯೇ ಮಾತಾಡಿದಳು. “ಅವತ್ತು ಒಂದು ಉಬ್ಬಿಗೂ ನಿಲ್ಲಿಸಲಿಲ್ಲ. ಎಲ್ಲದರ ಮೇಲೂ ಹಾರಿಸ್ದೆ. ಹಾರಿದಾಗಲೆಲ್ಲ ಅವರು ನಗೋರು. ಹಾವಿಗೆ ತಲೆ ತಿರುಗುತ್ತೆ ಕಣೇ, ಮೆಲ್ಲಗೆ ಅನ್ನೋರು. ಹಿಂದೆ ಮಕ್ಕಳೂ ನಕ್ಕವು. ನಾನೊಬ್ಬಳೇ ನಗಲಿಲ್ಲ. ಅವರ ಜೊತೆ ಒಂದ್ಸಲ ನಕ್ಕಿದ್ರೆ ಆಗ್ತಿತ್ತು ಅನ್ಸುತ್ತೆ.”

ನಾನು ಅತ್ತೆ. ಡಬ್ಬಿ ಅಲುಗದಂತೆ ಅಳುವುದು ಎಷ್ಟು ಕಷ್ಟವೆಂದು ಅಂದು ಗೊತ್ತಾಯಿತು. ಅವಳು ಅಳಲಿಲ್ಲ. ಅವಳ ಕಣ್ಣು ರಸ್ತೆಯ ಮೇಲಿತ್ತು.

ಆ ಊರಿನ ಕೇಂದ್ರದಲ್ಲಿ ಪರೀಕ್ಷೆ ಮಾಡಿದವರು ಎರಡು ಸಲ ನೋಡಿದರು. “ಇಷ್ಟು ಉದ್ದದ ಎಳೆ ನಮ್ಮ ಹತ್ರ ಬಂದೇ ಇಲ್ಲ. ಹೇಗೆ ತಂದ್ರಿ?”

“ಶಾಲೆ ವ್ಯಾನಲ್ಲಿ,” ಎಂದೆ.

ಓದಿದ್ದನ್ನು ಇಸ್ತ್ರಿ ಹೊಸದಾಗಿ ಜೋಡಿಸಿದ. ಈ ಸಲ ಏನನ್ನೂ ಎಸೆಯಲಿಲ್ಲ. ಬೆಂಚಿನ ಪೂರ್ತಿ ಫೋಟೋ ಸಿಕ್ಕಿತು. ಬಯಲಿನ ಹಾವಿನಲ್ಲಿ ಒಂದೇ ಇದ್ದ ಜೀನು ಗುಡ್ಡದ ದೊಡ್ಡಮ್ಮನಲ್ಲಿ ಒಂಬತ್ತು, ಸಾಲಾಗಿ, ಒಂದರ ಪಕ್ಕ ಒಂದು. ಬಹುಪಾಲು ಒಂದೇ ಥರ, ಆದರೆ ಸೀರಂ ಬಂದು ಹಿಡಿದುಕೊಳ್ಳಬೇಕಾದ ಜಾಗದಲ್ಲಿ ಎಂಟಕ್ಕೆ ರೂಪವೇ ಬೇರೆ. ಮೇಸ್ತ್ರಿ ದೊಡ್ಡಮ್ಮನಿಂದ ವಿಷ ಇಳಿಸಿಕೊಟ್ಟ. ಅದರಲ್ಲಿ ಆ ಒಂಬತ್ತು ಜೀನುಗಳಿಂದಾದ ಒಂಬತ್ತು ವಿಷಗಳನ್ನೂ ಬೇರೆ ಮಾಡಿ, ಪರೀಕ್ಷೆಯ ತಟ್ಟೆಯ ಒಂಬತ್ತು ಪುಟ್ಟ ಗುಳಿಗಳಲ್ಲಿ ಹಾಕಿ, ಮೇಲೆ ಆಸ್ಪತ್ರೆಯ ಸೀರಂ ಬಿಟ್ಟೆ. ಸೀರಂ ಹಿಡಿದುಕೊಂಡರೆ ಗುಳಿ ಹಳದಿಯಾಗಬೇಕು. ಒಂದು ಹಳದಿಯಾಯಿತು. ಎಂಟು ನೀರಿನಂತೆ ಹಾಗೇ ಉಳಿದವು. ಬೇರೆ ದಿನ, ಬೇರೆ ಸೀಸೆಯಿಂದ ಮತ್ತೆ ಮಾಡಿದೆ. ಇಸ್ತ್ರಿಯ ಕೈಯಲ್ಲಿ ಮಾಡಿಸಿದೆ. ಎಂಟು ನೀರೇ.

ಮನೆಗೆ ಬಂದು ಅಮ್ಮನ ಮುಂದೆ ಕೂತು ಹೇಳಲು ಶುರು ಮಾಡಿದೆ. ಅವಳು ಕೈ ಎತ್ತಿ ತಡೆದಳು.

“ನಿನ್ನ ಎಳೆ, ಗುಳಿ ನಂಗೆ ಬೇಡ. ಬೇಗ ಕರ್ಕೊಂಡು ಹೋಗಿದ್ರೆ ಬದುಕ್ತಿದ್ನಾ ಇಲ್ವಾ, ಅಷ್ಟು ಹೇಳು.”

“ಇಲ್ಲಮ್ಮ.”

“ಆಸ್ಪತ್ರೆ ಬಾಗಿಲಲ್ಲೇ ಕಚ್ಚಿದ್ರೆ?”

“ಆಗ್ಲೂ ಇಲ್ಲ. ಅವರು ಹಾಕಿದ್ದು ಆ ವಿಷಕ್ಕೆ ಔಷಧಿನೇ ಅಲ್ಲ.”

ಸೊಸೆ ಸಿಂಕಿನ ಮುಂದೆ ಬೆನ್ನು ಹಾಕಿ ನಿಂತಿದ್ದಳು, ನಲ್ಲಿ ನಿಂತಿತ್ತು. ನಾಳೆ ಆಸ್ಪತ್ರೆಯಲ್ಲಿ ಡಾಕ್ಟರುಗಳಿಗೆಲ್ಲ ಇದನ್ನು ತೋರಿಸಬೇಕಿದೆ ಎಂದೆ. ಅಮ್ಮ ಎದ್ದು ಗೋಡೆಯ ಕಡೆ ತಿರುಗಿದಳು.

“ಯಾರಾದ್ರೂ ಆ ವ್ಯಾನ್ ತೊಳೆದಿಡ್ಲಿ,” ಎಂದಳು.

ಬೆಳಿಗ್ಗೆ ನಾನು ಹೊರಗೆ ಬರುವಷ್ಟರಲ್ಲಿ ಅಮ್ಮ ಮುಂದಿನ ಸೀಟಿನಲ್ಲಿ ಕೂತಿದ್ದಳು. ತಮ್ಮ ಕೂತಿದ್ದ ಸೀಟು. ನಾನು ಮಕ್ಕಳ ಬೆಂಚಿನಲ್ಲಿ ಮೊಣಕಾಲು ಗದ್ದಕ್ಕೆ ಹಚ್ಚಿ ಕೂತೆ. ವ್ಯಾನಮ್ಮ ಕೀಲಿ ತಿರುಗಿಸಿದಳು. ಹಳೆಯ ಅಭ್ಯಾಸ, ಹೊತ್ತಾಯಿತೆಂದು ಕಾಲು ಒತ್ತಿದಳು.

“ನಿಧಾನಕ್ಕೆ ಓಡ್ಸೇ,” ಎಂದಳು ಅಮ್ಮ, ಅವಳ ಮುಖ ನೋಡಿಯೇ. “ಅವರು ಕಾಯ್ಲಿ.”

ವ್ಯಾನ್ ಒಮ್ಮೆ ಜಗ್ಗಿ ನಿಂತಿತು. ಆ ವ್ಯಾನ್ ಹಾಗೆ ಜಗ್ಗಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಆಮೇಲೆ ಮೆಲ್ಲಗೆ ಹೊರಟಿತು.

ಆಸ್ಪತ್ರೆಯ ಸಭೆಯ ಕೋಣೆಯಲ್ಲಿ ಉದ್ದನೆಯ ಮೇಜು, ಮುಚ್ಚಿದ ಪರದೆ, ಬಿಸ್ಕತ್ತಿನ ತಟ್ಟೆಗಳು. ಅಮ್ಮನೂ ವ್ಯಾನಮ್ಮನೂ ಹಿಂದಿನ ಸಾಲಿನ ಕುರ್ಚಿಗಳಲ್ಲಿ ಕೂತರು. ಒಳಗೆ ಹೋಗುವ ಮೊದಲೇ ಯಜಮಾನರು ನನ್ನನ್ನು ಪಕ್ಕಕ್ಕೆ ಕರೆದು, “ಒಂಬತ್ತನ್ನ ತೋರಿಸಿ ಸಾಕು. ಹಳೇ ಕೇಸು ಎತ್ತಬೇಡಿ” ಎಂದಿದ್ದರು. ತೋರಿಸಿದೆ. ಚಪ್ಪಾಳೆಯಾಯಿತು. ಯಜಮಾನರು ಏಳಲು ಕುರ್ಚಿ ಹಿಂದಕ್ಕೆ ಸರಿಸಿದರು.

“ಕೂತ್ಕೊಳ್ಳಿ ಸರ್, ನಂದು ಮುಗಿದಿಲ್ಲ,” ಎಂದೆ. ತಮ್ಮನಿಗೆ ಚಿಕಿತ್ಸೆ ಕೊಟ್ಟ ಡಾಕ್ಟರು ಎರಡನೆಯ ಕುರ್ಚಿಯಲ್ಲಿದ್ದರು. ಅವರನ್ನೇ ನೋಡಿ ಕೇಳಿದೆ. “ತಡ ಅಂತ ಯಾಕೆ ಬರೆದ್ರಿ?”

ಅವರು ಕೆಟ್ಟವರಲ್ಲ. ಕಣ್ಣ ಕೆಳಗೆ ಕಪ್ಪು, ಅಂಗಿಯ ಜೇಬಿನಲ್ಲಿ ಮಸಿಯ ಕಲೆ. “ಇದ್ದಬದ್ದ ಸೀರಂ ಎಲ್ಲ ಹಾಕ್ದೆ,” ಎಂದರು. “ರಕ್ತ ಹೆಪ್ಪುಗಟ್ಟಲೇ ಇಲ್ಲ. ಏನಾದ್ರೂ ಒಂದು ಕಾರಣ ಬರೀಬೇಕಿತ್ತು. ಸೀರಂ ಸರಿಯಿಲ್ಲ ಅಂತ ಯಾವ ಧೈರ್ಯದ ಮೇಲೆ ಬರೀಲಿ?”

“ಅದಕ್ಕೆ ಅವಳನ್ನ ಬರೆದ್ರಾ?”

“ನಾನು ಯಾರ ಹೆಸರೂ ಬರೆದಿಲ್ಲ.”

“ತಡ ಅಂತ ಬರೆದ್ರೆ ಗಾಡಿ ಓಡಿಸಿದವಳ ಹೆಸರು ಬರೆದ ಹಾಗೇ.”

ಯಜಮಾನರು, ಇದನ್ನೆಲ್ಲ ಆಡಳಿತದವರ ಜೊತೆ ಬೇರೆಯಾಗಿ ಮಾತಾಡೋಣ ಎಂದು ಶುರು ಮಾಡಿದರು. ಅಷ್ಟರಲ್ಲಿ ಹಿಂದಿನ ಸಾಲಿನಲ್ಲಿ ಕುರ್ಚಿ ಕಿರುಗುಟ್ಟಿತು. ಅಮ್ಮ ಎದ್ದಿದ್ದಳು. ಒಂದು ಕೈಯಲ್ಲಿ ಮುಂದಿನ ಕುರ್ಚಿಯ ಬೆನ್ನು, ಇನ್ನೊಂದು ಕೈಯಲ್ಲಿ ಸೊಸೆಯ ಮಣಿಕಟ್ಟು.

“ನಾನು ಓದಿದವಳಲ್ಲ. ನೀವು ಬರೆದಿದ್ದನ್ನ ನಂಬಿ ಇವಳ ಜೊತೆ ಮಾತು ಬಿಟ್ಟೆ. ಒಂದೇ ಮನೇಲಿ ಇದ್ಕೊಂಡು,” ಎಂದಳು. “ತಡ ಮಾಡಿದ್ದು ನನ್ನ ಸೊಸೆ ಅಲ್ಲ. ನಿಮ್ಮ ಔಷಧಿ. ಅದು ಇನ್ನೂ ಬಂದೇ ಇಲ್ಲ. ಬರೆದಿದ್ದನ್ನ ಹೊಡೆದು ಹಾಕಿ, ಹೊಡೆದು ಹಾಕೋವರೆಗೂ ನಾವು ಇಲ್ಲಿಂದ ಏಳಲ್ಲ.”

ಹೇಳಿ ಕೂತುಬಿಟ್ಟಳು, ಸೊಸೆಯನ್ನೂ ಎಳೆದು ಕೂರಿಸಿಕೊಂಡಳು. ನಾನೂ ಹೋಗಿ ಅವರ ಪಕ್ಕ ಕೂತೆ. ಯಾರೂ ಬಿಸ್ಕತ್ತು ಮುಟ್ಟಲಿಲ್ಲ. ಡಾಕ್ಟರು ಎದ್ದು ಮೇಜು ಸುತ್ತಿ ಬಂದು ವ್ಯಾನಮ್ಮನ ಮುಂದೆ ನಿಂತರು.

“ನೀವು ಹೊತ್ತಿಗೇ ತಂದಿದ್ರಿ,” ಎಂದರು, ಎಲ್ಲರಿಗೂ ಕೇಳುವಂತೆ.

“ನಂಗೊತ್ತು,” ಎಂದಳು ಅವಳು. “ಬರೀರಿ.”

ಬರೆದರು. ಅಲ್ಲೇ, ಬಿಸ್ಕತ್ತಿನ ತಟ್ಟೆ ಸರಿಸಿ, ಹಳೆಯ ಕಡತ ತರಿಸಿ, ಸಾಲು ಹೊಡೆದು, ‘ಲಭ್ಯವಿದ್ದ ಸೀರಂ ಈ ಹಾವಿನ ವಿಷಕ್ಕೆ ಪರಿಣಾಮಕಾರಿಯಲ್ಲ’ ಎಂದು ಬರೆದು ಸಹಿ ಹಾಕಿದರು. ಯಜಮಾನರು ಕನ್ನಡಕ ಒರೆಸಿಕೊಂಡರು. ಒರೆಸಿಕೊಂಡ ಮೇಲೆ ಪೆನ್ನು ಕೇಳಿ ತೆಗೆದುಕೊಂಡು ಕೆಳಗೆ ತಾವೂ ಸಹಿ ಹಾಕಿದರು. ಅಷ್ಟರ ಮಟ್ಟಿಗೆ ಅವರನ್ನು ಕ್ಷಮಿಸಿದ್ದೇನೆ. ಕೊಳವೆಯ ವಿಷಯದಲ್ಲಿ ಇಲ್ಲ.

ವಾಪಸು ಬರುವಾಗ ಅಮ್ಮ ಮತ್ತೆ ಮುಂದೆಯೇ ಕೂತಳು. ಗೋದಾಮು ದಾಟಿತು, ಶಾಲೆ ದಾಟಿತು. ಬೀದಿಯ ತಿರುವಿನಲ್ಲಿ ವ್ಯಾನಮ್ಮ ಸುಮ್ಮಸುಮ್ಮನೆ ಉದ್ದಕ್ಕೆ ಹಾರ್ನ್ ಹಾಕಿದಳು. ಎರಡು ಮೂರು ಮನೆಯವರು ಬಾಗಿಲಿಗೆ ಬಂದು ನೋಡಿದರು. ನೋಡಲಿ ಎಂದು ಇನ್ನೊಮ್ಮೆ ಹಾಕಿದಳು.

ಮನೆಯ ಮುಂದೆ ನಿಂತ ಮೇಲೆ ಅಮ್ಮ ಇಳಿಯಲಿಲ್ಲ. ಹಿಂದೆ ತಿರುಗಿ ನನ್ನನ್ನು ಕೇಳಿದಳು.

“ಆ ಹಾವು ಇನ್ನೂ ಇದ್ಯಾ?”

“ಇದೆ.”

“ಹೊಸ ಔಷಧಿ ಮಾಡಕ್ಕೆ ಅದೇ ಬೇಕಾ?”

“ಅದರ ವಿಷನೇ ಬೇಕು.”

ಅಮ್ಮ ಸೀಟಿನ ಅಂಚನ್ನು ಒಮ್ಮೆ ಕೈಯಿಂದ ಸವರಿದಳು. ಆಮೇಲೆ ಬಾಗಿಲು ತೆರೆದು ಒಂದು ಕಾಲು ಕೆಳಗಿಟ್ಟಳು.

“ಹಾಗಾದ್ರೆ ಹೊಟ್ಟೆ ತುಂಬ ಹಾಕು ಅದಕ್ಕೆ,” ಎಂದಳು. “ಔಷಧಿ ಬರೋವರೆಗೂ ಅದು ಸಾಯಕೂಡದು.”